ಗಿರವಿ ಬಿಡಿಸುವ ಅವಸರ

"ಇನ್ನೊಮ್ಮೆ ಹೇಳು," ಎಂದ ಅಪ್ಪ.

ಪದ್ಮವ್ವ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು, ತಾನು ಬರೆದ ಅಂಕಿಗಳ ಮೇಲೆ ಬೆರಳು ಓಡಿಸಿದಳು.

"ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ನಮ್ಮ ಸಾಲ ಸಾವಿರದ ಇನ್ನೂರು. ಅಂದ್ರ ತಿಂಗಳಿಗೆ ಹನ್ನೆರಡು. ವರ್ಷಕ್ಕ ನೂರಾ ನಲವತ್ನಾಕು. ಗಡುವು ಇನ್ನೂ ಮೂರು ವರ್ಷ ಐತಿ. ಅಂದ್ರ ನಾಕನೂರಾ ಮೂವತ್ತೆರಡು."

"ಈಗ ಎಲ್ಲಾ ಒಮ್ಮೆಲೇ ಕೊಟ್ಟು ಗಿರವಿ ಬಿಡಿಸಿಕೊಂಡ್ರ?"

"ಆ ಬಡ್ಡಿ ಅಷ್ಟೂ ಉಳೀತೈತಿ ಅಪ್ಪಾ! ನಾಕನೂರಾ ಮೂವತ್ತೆರಡು ರೂಪಾಯಿ!"

ಹಾಲಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಅರ್ಧ ನೇಯ್ದ ಕರಿ ಕಂಬಳಿ ಅವನ ಮುಂದೆ ಬಿಗಿಯಾಗಿ ಹರಡಿತ್ತು. ಅವನು ಓದು ಬರಹ ಕಲಿತವನಲ್ಲ. ಆದರೂ ಪಾಟಿಯನ್ನು ಕೈಗೆ ತೆಗೆದುಕೊಂಡು, ಓದಬಲ್ಲವನ ಹಾಗೆ ಬಹಳ ಹೊತ್ತು ನೋಡಿದ.

"ನಾಕನೂರಾ ಮೂವತ್ತೆರಡು," ಎಂದು ತನಗೆ ತಾನೇ ಹೇಳಿಕೊಂಡ. "ಲೆಕ್ಕ ತಪ್ಪಿಲ್ಲಲ್ಲ?"

"ಇಲ್ಲಪ್ಪಾ. ಎರಡು ಸಲ ಮಾಡೇನಿ. ಸಾಲ್ಯಾಗ ಬಾಯಾರು ಹಿಂಗ ಕಲಿಸ್ಯಾರ."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ನಾಲ್ಕು ತಿಂಗಳಿಂದ ಈಚೆಗೆ ಅಪ್ಪ ಯಾರನ್ನೂ ಹಾಗೆ ಮುಟ್ಟಿರಲಿಲ್ಲ. ಪದ್ಮವ್ವನಿಗೆ ಎಷ್ಟು ಹಿಗ್ಗಾಯಿತೆಂದರೆ, ಪಾಟಿಯ ಮೇಲಿನ ಅಂಕಿಗಳನ್ನು ಅಳಿಸದೆ ಹಾಗೆಯೇ ಎದೆಗವಚಿಕೊಂಡು ಹೊರಗೆ ಓಡಿದಳು.

ಜಮಖಂಡಿಯ ಆ ಓಣಿಯಲ್ಲಿ ಎಲ್ಲರೂ ಕುರಿ ಕಾಯುವವರು, ಇಲ್ಲವೇ ಕಂಬಳಿ ನೇಯುವವರು. ಎರಡು ವರ್ಷದ ಹಿಂದೆ ಅಣ್ಣ ಗಿರಮಲ್ಲಪ್ಪನ ಮದುವೆಗೆ ಅಪ್ಪ ಮನೆಯನ್ನು ಬಜಾರದ ನಾಮದೇವ ಸಾವ್ಕಾರನ ಹತ್ತಿರ ಗಿರವಿ ಇಟ್ಟಿದ್ದ. ಐದು ವರ್ಷದ ಗಡುವು. ಅಷ್ಟರೊಳಗೆ ಸಾಲ ತೀರದಿದ್ದರೆ ಮನೆ ಸಾವ್ಕಾರನದು.

ಮದುವೆಯಾದ ಮೇಲೆ ಅಣ್ಣ ಸೊಲ್ಲಾಪುರಕ್ಕೆ ಹೋಗಿ ಬಟ್ಟೆ ಮಿಲ್ಲಿಗೆ ಸೇರಿದ. "ಗಡುವು ಮುಗಿಯೂದರಾಗ ನಾನ ಬಂದು ಮನಿ ಬಿಡಸತೀನಿ," ಎಂದು ಹೇಳಿಹೋದವನು ಪ್ರತಿ ತಿಂಗಳೂ ಮನಿಯಾರ್ಡರ್ ಕಳಿಸುತ್ತಿದ್ದ. ಬಡ್ಡಿ ಅದರಲ್ಲೇ ಸಂದಾಯವಾಗುತ್ತಿತ್ತು.

ಆಮೇಲೆ ಒಂದು ದಿನ ಮನಿಯಾರ್ಡರಿನ ಬದಲು ತಾರು ಬಂತು. ಮಿಲ್ಲಿನಲ್ಲಿ ಮಷೀನಿನ ಪಟ್ಟಾ ಹರಿದು ಅಣ್ಣನಿಗೆ ಬಡಿದಿತ್ತು. ಅಪ್ಪ ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಯೇ ಅವನನ್ನು ಮಣ್ಣು ಮಾಡಿ, ಒಬ್ಬನೇ ತಿರುಗಿ ಬಂದ.

ಕೆಲವು ವಾರಗಳ ನಂತರ ಮಿಲ್ಲಿನವರು ಮತ್ತೆ ಕರೆಸಿದರು. ಈ ಸಲ ಅಪ್ಪನೊಂದಿಗೆ ಅಣ್ಣನ ಹೆಂಡತಿ ಯಲ್ಲವ್ವನೂ ಹೋದಳು. ಸರಕಾರದ ಆಫೀಸಿನಲ್ಲಿ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಅಣ್ಣನ ಸಾವಿಗೆ ಪರಿಹಾರವೆಂದು ಹಾಗೆ ಬಂದದ್ದು ಈ ರೊಕ್ಕ. ಓಡಾಟಕ್ಕೂ ದಿನಕರ್ಮಕ್ಕೂ ಖರ್ಚಾಗಿ ಸಾವಿರದ ಮುನ್ನೂರು ಉಳಿದಿತ್ತು. ಮನೆಯಲ್ಲಿ ಅದನ್ನು ಯಾರೂ ಅಣ್ಣನ ರೊಕ್ಕ ಎನ್ನುತ್ತಿರಲಿಲ್ಲ. 'ಮಿಲ್ಲಿನ ರೊಕ್ಕ' ಎನ್ನುತ್ತಿದ್ದರು.

ಯಲ್ಲವ್ವ ಹಿತ್ತಲಿನಲ್ಲಿ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಪದ್ಮವ್ವನಿಗೆ ಅವಳು ವೈನಿ. ಬಂದ ದಿನದಿಂದ ಪದ್ಮವ್ವನ ತಲೆ ಬಾಚುವವಳು ಅವಳೇ, ಹೇನು ನೋಡುವವಳು ಅವಳೇ, ರಾತ್ರಿ ಹೊದಿಕೆಯಲ್ಲಿ ಜಾಗ ಕೊಡುವವಳೂ ಅವಳೇ. ಈಗ ಅವಳ ಕೈಯಲ್ಲಿ ಬಳೆ ಇರಲಿಲ್ಲ. ಉಣ್ಣೆ ಹಿಂಜುವಾಗ ಮೊದಲಿನ ಸದ್ದು ಬರುತ್ತಿರಲಿಲ್ಲ.

"ವೈನಿ, ನೋಡಿಲ್ಲಿ! ಈಗ ಗಿರವಿ ಬಿಡಿಸಿಕೊಂಡ್ರ ಎಷ್ಟು ಉಳೀತೈತಿ ಗೊತ್ತೇನು? ನಾಕನೂರಾ ಮೂವತ್ತೆರಡು!"

ವೈನಿ ಕೈ ನಿಲ್ಲಿಸಿದಳು. "ಅಷ್ಟು ಉಳೀತೈತೇನು?"

"ಹ್ಞೂಂ ಮತ್ತ! ನಾನ ಲೆಕ್ಕ ಮಾಡೇನಿ."

"ಉಳಿದದ್ದು ಯಾರಿಗಿ, ಪದ್ದವ್ವಾ?"

"ನಮಗ!"

"ನಮಗ ಅಂದ್ರ ಯಾರ್ಯಾರಿಗಿ?"

ಇದೆಂಥ ಪ್ರಶ್ನೆ! ಪದ್ಮವ್ವ ಬೆರಳು ಮಡಿಚತೊಡಗಿದಳು. "ಅಪ್ಪ, ಅವ್ವ, ನಾನು..." ನಾಲ್ಕನೆಯ ಬೆರಳಿಗೆ ಬಂದಾಗ ವೈನಿ ತನ್ನನ್ನೇ ನೋಡುತ್ತಿರುವುದು ಕಂಡಿತು. ಯಾಕೋ ಬೆರಳು ತಡೆಯಿತು. "ನೀನೂ," ಎಂದಳು, ಸ್ವಲ್ಪ ತಡವಾಗಿ.

"ಶ್ಯಾಣ್ಯಾಕಿ ಅದಿ," ಎಂದಳು ವೈನಿ. ಮತ್ತೆ ತಲೆ ತಗ್ಗಿಸಿ ಉಣ್ಣೆ ಹಿಂಜತೊಡಗಿದಳು.

ಸಂತೆಯ ದಿನ ವೈನಿಯ ತಂದೆ ಹೊಳೆಪ್ಪ ಬಾಡಗಂಡಿಯಿಂದ ಬಂದ. ಬೀಳಗಿಯಿಂದ ಬಂದ ಬಸ್ಸಿನ ಧೂಳು ಅವನ ರುಮಾಲಿನ ಮೇಲೆಲ್ಲ ಕುಳಿತಿತ್ತು. ಕಂಕುಳಲ್ಲಿ ಒಂದು ಬೆಲ್ಲದ ಪೆಂಟಿ. ಅದನ್ನು ಪದ್ಮವ್ವನ ಕೈಗೆ ಕೊಟ್ಟು, ಕೈಕಾಲು ತೊಳೆದು, ಅಪ್ಪನ ಎದುರು ಕಂಬಳಿಯ ಮೇಲೆ ಕುಳಿತ. ಬಹಳ ಹೊತ್ತು ಕಬ್ಬಿನ ಮಾತು, ಕುರಿಗಳ ಮಾತು ಆಡಿದರು. ಒಳಗೆ ವೈನಿ ಜೋಳ ಬೀಸುತ್ತಿದ್ದಳು. ಕಲ್ಲಿನ ಗುರ್ರ್ ಗುರ್ರ್ ಸದ್ದು ಪಡಸಾಲೆಗೆ ಕೇಳುತ್ತಿತ್ತು.

"ಬೀಗರ, ನಾ ಜಗಳಕ್ಕ ಬಂದಿಲ್ಲ," ಎಂದ ಹೊಳೆಪ್ಪ ಕೊನೆಗೆ. "ಮಿಲ್ಲಿನ ರೊಕ್ಕಕ್ಕ ನೀವೂ ಹೆಬ್ಬೆಟ್ಟು ಒತ್ತೀರಿ, ನನ್ನ ಮಗಳೂ ಒತ್ಯಾಳ. ಅರ್ಧಾ ರೊಕ್ಕ ಆಕಿ ಹೆಸರಿಲೆ ಪೋಸ್ಟಿನ್ಯಾಗ ಇಡ್ರಿ. ಇಷ್ಟ ನಾ ಕೇಳೂದು."

ಅಪ್ಪ ಗಂಟಲು ಸರಿಮಾಡಿಕೊಂಡ.

"ಮನಿ ಯಾತಕ್ಕ ಗಿರವಿ ಬಿತ್ತು, ಬೀಗರ? ನಿಮ್ಮ ಮಗಳನ್ನ ಈ ಮನಿಗಿ ತರಾಕ. ಹೆಣ್ಣಿನ ತೆರಾ ಕೊಟ್ಟೆ, ಬೆಳ್ಳಿ ಹಾಕಿದೆ, ಓಣಿಗೆಲ್ಲಾ ಊಟಾ ಹಾಕಿದೆ. ಅವನ ಮದವಿಗಿ ಆದ ಸಾಲ ಅವನ ರೊಕ್ಕದಿಂದ ತೀರ್ಲಿ ಅಂತೀನಿ. ಇದರಾಗ ಏನು ತಪ್ಪೈತಿ?"

"ತಪ್ಪು ಅಂತ ನಾ ಅಂದಿಲ್ಲ."

"ಪದ್ದವ್ವಾ! ಬಾ ಇಲ್ಲಿ. ಮಾವಗ ಲೆಕ್ಕಾ ಹೇಳು."

ಪದ್ಮವ್ವ ಓಡಿ ಬಂದು, ಶಾಲೆಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತಳು. ಪಾಟಿ ಬೇಕಾಗಿರಲಿಲ್ಲ, ಬಾಯಿಪಾಠವೇ ಆಗಿತ್ತು. ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು, ಮೂರು ವರ್ಷಕ್ಕೆ ಇಷ್ಟು. ಒಂದು ಕಡೆಯೂ ತಡವರಿಸದೆ ಹೇಳಿ ಮುಗಿಸಿದಳು.

ಹೊಳೆಪ್ಪ ಪೂರ್ತಿ ಕೇಳಿದ. "ಲೆಕ್ಕ ಬರೋಬರಿ ಐತಿ," ಎಂದ. ಅವಳ ಕಡೆ ನೋಡದೆಯೇ ಎಂದ. ನಗಲೂ ಇಲ್ಲ.

"ಆದ್ರ ಬೀಗರ, ಗಡುವು ಇನ್ನೂ ಮೂರು ವರ್ಷ ಐತಿ. ಸಾವ್ಕಾರ ಬಾಗಲಿಗಿ ಬಂದು ನಿಂತಿಲ್ಲ. ಹುಡುಗನ ಮಣ್ಣು ಇನ್ನೂ ಆರಿಲ್ಲ. ಯಾಕ ಇಷ್ಟು ಅವಸರ?"

ಅಪ್ಪ ಕಂಬಳಿಯ ಅಂಚಿನ ಒಂದು ದಾರವನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

"ನಿಮ್ಮ ಮಗಳಿಗಿ ಇನ್ನೂ ಇಪ್ಪತ್ತು ತುಂಬಿಲ್ಲ," ಎಂದ ಆಮೇಲೆ, ತಗ್ಗಿದ ದನಿಯಲ್ಲಿ. "ಮಕ್ಕಳಿಲ್ಲ ಮರಿಯಿಲ್ಲ. ಇವತ್ತಲ್ಲ ನಾಳೆ ನೀವು ಉಡಕಿ ಮಾಡತೀರಿ. ಮಾಡ್ರಿ, ಬ್ಯಾಡ ಅನ್ನಂಗಿಲ್ಲ ನಾ. ಆದ್ರ ನನ್ನ ಮಗನ ರೊಕ್ಕ ಸೆರಗಿನ್ಯಾಗ ಕಟಗೊಂಡು ಆಕಿ ಇನ್ನೊಬ್ಬನ ಮನಿ ಹೊಕ್ಕರ..."

ಬೆರಳಿಗೆ ಸುತ್ತಿದ ದಾರ ಕಿತ್ತುಬಂತು.

ಉಡಕಿ ಎಂದರೆ ಗಂಡ ಸತ್ತವಳಿಗೆ ಮಾಡುವ ಇನ್ನೊಂದು ಮದುವೆ. ಅದು ಪದ್ಮವ್ವನಿಗೂ ಗೊತ್ತಿತ್ತು. ಆದರೆ ಆ ಮಾತನ್ನು ತನ್ನ ವೈನಿಗೆ ಹಚ್ಚಿ ಅವಳು ಎಂದೂ ಯೋಚಿಸಿರಲಿಲ್ಲ.

ಒಳಗೆ ಬೀಸುಕಲ್ಲು ನಿಂತಿತು. ಪಡಸಾಲೆಯಲ್ಲಿದ್ದವರಿಗೆಲ್ಲ ಅದು ನಿಂತದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿತು, ಮೊದಲಿಗಿಂತ ನಿಧಾನವಾಗಿ.

"ಮುಂದಿನ ಸಂತಿಗಿ ಬಂದು ಮಗಳನ್ನ ಕರಕೊಂಡು ಹೋಗತೀನಿ," ಎಂದು ಹೊಳೆಪ್ಪ ಎದ್ದ. "ಅಷ್ಟರಾಗ ವಿಚಾರ ಮಾಡ್ರಿ ಬೀಗರ. ನೀವು ಕೆಟ್ಟವರಲ್ಲ. ಅದು ನನಗೂ ಗೊತ್ತೈತಿ."

ಅವನು ತಂದ ಬೆಲ್ಲವನ್ನು ಆ ದಿನ ಯಾರೂ ಒಡೆಯಲಿಲ್ಲ.

ಸಂಜೆ ಅವ್ವ ತಂಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಪದ್ಮವ್ವ ಒಲೆಯ ಮುಂದೆ ಕುಳಿತು ಕಡ್ಡಿ ತುರುಕುತ್ತಿದ್ದಳು.

"ಅವ್ವಾ, ಖರೇನ ಅಪ್ಪಗ ಯಾಕ ಇಷ್ಟು ಅವಸರ? ಸಾವ್ಕಾರ ಕೇಳೇ ಇಲ್ಲಂತಲ್ಲ."

ಅವ್ವ ರೊಟ್ಟಿಯನ್ನು ತವೆಗೆ ಹಾಕಿ ಅದರ ಮೇಲೆ ನೀರು ಸವರಿದಳು. ಮಗಳಿಗೆ ಹೇಳಿದಳೋ ಒಲೆಗೆ ಹೇಳಿದಳೋ ತಿಳಿಯದ ಹಾಗೆ ಹೇಳಿದಳು:

"ರೊಕ್ಕ ಪೆಟ್ಟಿಗ್ಯಾಗ ಇದ್ರ ಇವರು ಕೇಳತಾರ, ಅವರು ಕೇಳತಾರ. ಒಮ್ಮೆ ಗ್ವಾಡ್ಯಾಗ ಹೋತಂದ್ರ ಯಾರು ಕೇಳಾಕ ಬರತಾರ?"

"ಅಂದ್ರ ವೈನಿ ಕೇಳಬಾರದಂತನಾ?"

"ಕಡ್ಡಿ ಹಿಂದ ಸರಿಸು. ರೊಟ್ಟಿ ಹೊತ್ತತೈತಿ," ಎಂದಳು ಅವ್ವ.

ಮರುದಿನ ಐದನೆಯ ಇಯತ್ತೆಯಲ್ಲಿ ಕುಮುದಿನಿಬಾಯಿ ಬಡ್ಡಿಯ ಲೆಕ್ಕವನ್ನೇ ಕೊಟ್ಟರು. ಹಲಗೆಯ ಮೇಲೆ ಬರೆದರು: ಒಬ್ಬ ಮನುಷ್ಯನು ಐದು ನೂರು ರೂಪಾಯಿ ಸಾಲ ಮಾಡಿದನು. ಎಲ್ಲ ಹುಡುಗಿಯರ ಬಳಪಗಳೂ ಕಿರಿಕಿರಿ ಎನ್ನತೊಡಗಿದವು. ಪ್ರತಿ ಸಲ ಎಲ್ಲರಿಗಿಂತ ಮೊದಲು ಪಾಟಿ ಎತ್ತುವ ಪದ್ಮವ್ವ ಆ ದಿನ ಖಾಲಿ ಪಾಟಿ ಹಿಡಿದು ಕುಳಿತಿದ್ದಳು.

"ಯಾಕ ಪದ್ಮಾವತಿ, ಲೆಕ್ಕ ಬರಲಿಲ್ಲೇನು?" ಎಂದು ಬಾಯಿಯವರು ಹತ್ತಿರ ಬಂದರು. ಶಾಲೆಯ ಹಾಜರಿಯಲ್ಲಿ ಅವಳ ಹೆಸರು ಪದ್ಮಾವತಿ.

"ಬರ್ತದ್ರಿ ಬಾಯಾರ." ಪದ್ಮವ್ವ ಎದ್ದು ನಿಂತಳು. "ಸಾಲ ತೀರಿಸೋ ರೊಕ್ಕ ಯಾರದು ಅಂತ ಲೆಕ್ಕದಾಗ ಬರೂದಿಲ್ಲೇನ್ರಿ?"

ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಬಾಯಿಯವರು ನಗಲಿಲ್ಲ. ಅವಳ ಮನೆಯಲ್ಲಿ ಏನಾಗಿತ್ತೆಂದು ಅವರಿಗೆ ಗೊತ್ತಿತ್ತು.

"ಇಲ್ಲವಾ," ಎಂದರು. "ಅದು ಲೆಕ್ಕದಾಗ ಬರೂದಿಲ್ಲ. ಕೂಡು."

ಶಾಲೆ ಬಿಟ್ಟ ಮೇಲೆ ಪದ್ಮವ್ವ ಮನೆಗೆ ಹೋಗಲಿಲ್ಲ. ಕೆರೆಯ ದಂಡೆಯ ಕಲ್ಲಿನ ಮೇಲೆ ಕುಳಿತು ಪಾಟಿಯ ಮೇಲೆ ಹೊಸದೊಂದು ಲೆಕ್ಕ ಮಾಡಿದಳು. ಅರ್ಧ ಸಾಲ ಈಗ ತೀರಿಸುವುದು, ಆರು ನೂರು. ಉಳಿದ ಏಳು ನೂರು ವೈನಿಯ ಹೆಸರಿಗೆ ಪೋಸ್ಟಿನಲ್ಲಿ ಇಡುವುದು. ಆಗ ಬಡ್ಡಿಯೂ ಅರ್ಧ, ತಿಂಗಳಿಗೆ ಆರೇ ರೂಪಾಯಿ. ಕೂಡಿಸಿ ನೋಡಿದಳು, ಕಳೆದು ನೋಡಿದಳು. ಸರಿಯಾಗಿತ್ತು. ಇಷ್ಟು ಸುಲಭದ ಲೆಕ್ಕ ದೊಡ್ಡವರಿಗೆ ಯಾಕೆ ಹೊಳೆಯಲಿಲ್ಲವೋ! ಅಂಕಿ ಅಳಿಸದ ಹಾಗೆ ಪಾಟಿಯನ್ನು ಮೈಯಿಂದ ದೂರ ಹಿಡಿದುಕೊಂಡು ಅವಳು ಮನೆಗೆ ಓಡಿದಳು.

"ಅಪ್ಪಾ, ಹಿಂಗೂ ಲೆಕ್ಕ ಆಗತೈತಿ ನೋಡು!"

ಅಪ್ಪ ಮಗ್ಗ ನಿಲ್ಲಿಸಿ ಪೂರ್ತಿ ಆಲಿಸಿದ. ಆಮೇಲೆ ಕೇಳಿದ:

"ತಿಂಗಳಿಗಿ ಆರು ರೂಪಾಯಿ. ಅದನ್ನ ಯಾರು ಕೊಡತಾರ?"

"ನಾವು... ಕಂಬಳಿ ಮಾರಿ..."

"ಇಲ್ಲೀತನಾ ಯಾರು ಕೊಡತಿದ್ರು?"

ಪದ್ಮವ್ವ ಪಾಟಿಯನ್ನು ಕೆಳಗಿಳಿಸಿದಳು.

"ಅಂವ ಕಳಸತಿದ್ದ," ಎಂದ ಅಪ್ಪ. "ಇನ್ನ ಯಾರು ಕಳಸತಾರ? ಈ ಕೈಗಳನ್ನ ನೋಡು. ಒಂದು ಕಂಬಳಿ ಮುಗಿಸೂದರಾಗ ನಡುಗತಾವ. ಕಂಬಳಿ ಮಾರಿದ್ದು ಜ್ವಾಳಕ್ಕ ಸಾಲೂದಿಲ್ಲ. ಆರು ರೂಪಾಯಿ ಎರಡು ತಿಂಗಳು ತಪ್ಪಿತು ಅಂದ್ರ ಸಾವ್ಕಾರ ಬರೂದಿಲ್ಲೇನು? ಮೂರು ವರ್ಷಕ್ಕ ಉಳಿದ ಆರು ನೂರು ಎಲ್ಲಿಂದ ತರ್ಲಿ? ಆವಾಗ ನಿಮ್ಮವ್ವನ್ನ ಎಲ್ಲಿ ಮಲಗಸ್ಲಿ? ನಿನ್ನ ಎಲ್ಲಿ ಇಡ್ಲಿ?"

ಅವನ ದನಿ ಏರಿತ್ತು. ಹಿತ್ತಲಿನಿಂದ ಬರುತ್ತಿದ್ದ ವೈನಿ ಬಾಗಿಲಲ್ಲೇ ನಿಂತಳು. ಅಪ್ಪ ಅವಳನ್ನು ನೋಡಿದ. ಪಾಟಿಯ ಮೇಲೆ ಅಂಗೈ ಇಟ್ಟು ಒಂದೇ ಸಲಕ್ಕೆ ಅಷ್ಟೂ ಅಳಿಸಿದ.

"ನಾ ಕೇಳಿದ ಲೆಕ್ಕ ಅಷ್ಟ ಮಾಡು," ಎಂದ.

ಅವನ ಅಂಗೈ ಬೆಳ್ಳಗಾಯಿತು. ವೈನಿ ಏನೂ ಕೇಳಿಸದವಳ ಹಾಗೆ ಕೊಡ ತೆಗೆದುಕೊಂಡು ನೀರಿಗೆ ಹೋದಳು.

ಎರಡು ದಿನ ಕಳೆದ ಮೇಲೆ ಅಪ್ಪ ಹೊಸ ರುಮಾಲು ಸುತ್ತಿಕೊಂಡ. ರೊಕ್ಕವನ್ನು ಬಟ್ಟೆಯಲ್ಲಿ ಕಟ್ಟಿ ಅಂಗಿಯ ಒಳಗಿಟ್ಟುಕೊಂಡು, "ಕಾಗದಾ ಓದಾಕ ಬೇಕು, ಬಾ," ಎಂದು ಪದ್ಮವ್ವನನ್ನು ಜೊತೆಗೆ ಕರೆದುಕೊಂಡ. ವೈನಿ ಆಗ ಹೊರಗೆ ಹೋಗಿದ್ದಳು. ಅವ್ವ ಬಾಗಿಲ ಹತ್ತಿರ ಬಂದಳು. ಅವರು ಓಣಿ ದಾಟುವವರೆಗೂ ನೋಡುತ್ತಿದ್ದಳು.

ನಾಮದೇವ ಸಾವ್ಕಾರನ ಬಟ್ಟೆಯ ಅಂಗಡಿಯಲ್ಲಿ ಬನಹಟ್ಟಿಯ ಸೀರೆಗಳನ್ನು ಬಣ್ಣ ಬಣ್ಣವಾಗಿ ಒಟ್ಟಿದ್ದರು. ಸಾವ್ಕಾರ ಗಾದಿಯ ಮೇಲೆ ಕುಳಿತಿದ್ದ. ಅಪ್ಪನನ್ನು ನೋಡಿ, "ಬಾ ಹಾಲಸಿದ್ದಪ್ಪ. ಹುಡುಗನ ಸುದ್ದಿ ಕೇಳಿ ಭಾಳ ಕೆಟ್ಟನಸ್ತು," ಎಂದ. ಅಪ್ಪ ಬಂದ ಕೆಲಸ ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು.

"ಇಷ್ಟ ಲಗೂ ಯಾಕ? ನಾ ಏನು ಅವಸರ ಮಾಡಿಲ್ಲಲ್ಲ. ಗಡುವಿನ ಮೊದಲ ಕೊಟ್ರ ಲುಕ್ಸಾನ ನನಗ, ನಿನಗಲ್ಲ," ಎಂದು ಒಂದಿಷ್ಟು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: "ಇದು ಮಿಲ್ಲಿನವರು ಕೊಟ್ಟದ್ದಲ್ಲಾ? ಸೊಸಿ ಒಪ್ಯಾಳೋ ಇಲ್ಲೋ? ನಾಳೆ ಆಕಿ ಕಡಿಯವರು ಕೋರ್ಟು ಕಚೇರಿ ಅಂತ ಹೋದ್ರ, ನನ್ನ ಹೆಸರು ನಡುವ ಬರಬಾರದು ನೋಡು."

"ಒಪ್ಯಾಳ್ರಿ," ಎಂದ ಅಪ್ಪ.

ಸಾವ್ಕಾರ ಪದ್ಮವ್ವನ ಕಡೆ ತಿರುಗಿದ. "ಹೌದೇನವಾ? ನಿಮ್ಮ ವೈನಿ ಒಪ್ಯಾಳೇನು?"

ಅಪ್ಪನ ಕೈ ಅವಳ ಹೆಗಲ ಮೇಲಿತ್ತು. ಆ ಕೈ ಒತ್ತಲಿಲ್ಲ, ಚಿವುಟಲಿಲ್ಲ. ಪದ್ಮವ್ವನ ನಾಲಿಗೆಯ ಮೇಲೆ 'ಇಲ್ಲ' ಎಂಬ ಮಾತು ಬಂದಿತ್ತು. ಅದನ್ನು ಹೇಳಿದರೆ ಅಪ್ಪ ಸುಳ್ಳುಗಾರನಾಗುತ್ತಾನೆ, ಇಷ್ಟು ಜನ ಗಿರಾಕಿಗಳ ಮುಂದೆ. ಅವಳು ತಲೆ ತಗ್ಗಿಸಿದಳು. ಗಾದಿಯ ಹೊಲಿಗೆಯನ್ನು ನೋಡುತ್ತ ನಿಂತಳು.

"ನಾಚಿಕೋತಾಳ ಹುಡುಗಿ," ಎಂದ ಸಾವ್ಕಾರ. ರೊಕ್ಕದ ಗಂಟನ್ನು ತನ್ನ ಕಡೆ ಎಳೆದುಕೊಂಡ.

ಕೆಲಸ ಬೇಗ ಮುಗಿಯಿತು. ಪದ್ಮವ್ವ ಕಾಗದವನ್ನು ಅಕ್ಷರ ಅಕ್ಷರವಾಗಿ ಓದಿ, ಸಾಲ ಪೂರ್ತಿ ತೀರಿದೆ ಎಂದು ಬರೆದದ್ದನ್ನು ಅಪ್ಪನಿಗೆ ಹೇಳಿದಳು. ಅಪ್ಪ ಅದನ್ನು ಮಡಿಚಿ ಎದೆಯ ಹತ್ತಿರ ಇಟ್ಟುಕೊಂಡ.

ಬಜಾರ ದಾಟಿ ಬಂದು ಬೇವಿನ ಗಿಡದ ಹತ್ತಿರ ಅಪ್ಪ ನಿಂತ. ದಣಿವಾಯಿತೇನೋ ಎಂದು ಪದ್ಮವ್ವ ಅಂದುಕೊಂಡಳು. ಅಪ್ಪ ಗಿಡದ ಬುಡಕ್ಕೆ ಕುಸಿದು ಕುಳಿತ. ಹೊಸ ರುಮಾಲನ್ನು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಅವನ ಬೆನ್ನು ಅಲುಗತೊಡಗಿತು.

ತಾರು ಬಂದ ದಿನ ಅಪ್ಪ ಅತ್ತಿರಲಿಲ್ಲ. ಸೊಲ್ಲಾಪುರದಿಂದ ಒಬ್ಬನೇ ತಿರುಗಿ ಬಂದ ದಿನವೂ ಅತ್ತಿರಲಿಲ್ಲ.

"ಅಂವಾ ಇದ್ದಿದ್ರ... ತಾನ ಬಂದು ಬಿಡಸತಿದ್ದ," ಎಂದ, ರುಮಾಲಿನ ಒಳಗಿನಿಂದ.

ದಾರಿಯಲ್ಲಿ ಹೋಗುವವರು ತಿರುಗಿ ತಿರುಗಿ ನೋಡುತ್ತಿದ್ದರು. ಪದ್ಮವ್ವ ಅಪ್ಪನಿಗೂ ದಾರಿಗೂ ನಡುವೆ ನಿಂತಳು, ಜನರಿಗೆ ಅವನು ಕಾಣದ ಹಾಗೆ. ಅವನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಅವನ ಬೆನ್ನಿನ ಮೇಲೆ ಕೈಯಿಡಬೇಕೆಂದೂ ಅನಿಸುತ್ತಿತ್ತು.

ಸಂತೆಯ ದಿನ ಹೊಳೆಪ್ಪ ಬಂದ. ಅಪ್ಪ ಅವನಿಗೆ ಸಂಗತಿ ತಿಳಿಸಿದ. ಹೊಳೆಪ್ಪ ಕೂಗಾಡುತ್ತಾನೆ, ಓಣಿಯ ಹಿರಿಯರನ್ನು ಕರೆಸುತ್ತಾನೆ ಎಂದು ಪದ್ಮವ್ವ ಹೆದರಿ ಅವ್ವನ ಹಿಂದೆ ನಿಂತಿದ್ದಳು. ಅವನು ಹಾಗೇನೂ ಮಾಡಲಿಲ್ಲ. "ಆತು ಬಿಡ್ರಿ," ಎಂದ. ನೀರು ಕೊಟ್ಟರು, ಕುಡಿಯಲಿಲ್ಲ.

ವೈನಿಯ ಸೀರೆಗಳು ಒಂದೇ ಗಂಟಿನಲ್ಲಿ ಹಿಡಿಸಿದವು. ಅವಳು ಅತ್ತೆಯ ಕಾಲು ಮುಟ್ಟಿದಳು, ಮಾವನ ಕಾಲು ಮುಟ್ಟಿದಳು. ಅಪ್ಪ ಒಳಗೆ ಹೋಗಿ ಮೊನ್ನೆ ಮಗ್ಗದಿಂದ ಇಳಿಸಿದ ಕಂಬಳಿ ತಂದ.

"ಚಳಿಗಾಲಕ್ಕ ಬೇಕಾಗತೈತಿ, ತಗೋ," ಎಂದ. "ಮೈಮ್ಯಾಗಿನ ಬೆಳ್ಳಿ ಎಲ್ಲಾ ನಿಂದ. ಈ ಮನಿನೂ ನಿಂದ ಐತಿ ಅಂತ ತಿಳಕೋ. ಯಾವಾಗ ಬೇಕಾದ್ರೂ ಬಾ."

ಹೊಳೆಪ್ಪ ಮುಖ ತಿರುಗಿಸಿದ. ವೈನಿ ಕಂಬಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಿಚಿ, ಗಂಟಿನ ಮೇಲಿಟ್ಟು ಕಟ್ಟಿದಳು.

ಬಸ್ ಸ್ಟ್ಯಾಂಡಿನವರೆಗೆ ಅವ್ವ ಮತ್ತು ಪದ್ಮವ್ವ ಹೋದರು. ಅಪ್ಪ ಬರಲಿಲ್ಲ. ಬೀಳಗಿಯ ಬಸ್ಸು ನಿಂತಿತ್ತು. ಹೊಳೆಪ್ಪ ಟಿಕೀಟಿಗೆ ಹೋದ. ಅವ್ವ ಒಂದು ಕಡೆ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಪದ್ಮವ್ವ ವೈನಿಯ ಸೀರೆಯ ನಿರಿಗೆ ಹಿಡಿದುಕೊಂಡು ನಿಂತಿದ್ದಳು. ಸಾವ್ಕಾರನ ಅಂಗಡಿಯಿಂದ ಬಂದಾಗಿನಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಈಗ ಹೊರಬಂತು.

"ವೈನಿ... ನೀ ಒಪ್ಪೀಯೇನು ಅಂತ ಸಾವ್ಕಾರ ನನ್ನ ಕೇಳಿದ. ನಾ ಸುಮ್ನ ನಿಂತೆ."

ವೈನಿ ಅವಳನ್ನು ನೋಡಿದಳು. ಸಿಟ್ಟಾಗಲಿಲ್ಲ. ಆದರೆ ಎಂದಿನ ಹಾಗೆ ಗಲ್ಲ ಸವರಲೂ ಇಲ್ಲ.

"ಸಾವ್ಕಾರ ನಿನ್ನನ್ನಾರ ಕೇಳಿದ," ಎಂದಳು. "ನನ್ನ ಯಾರು ಕೇಳಿದ್ರು?"

ಪದ್ಮವ್ವ ಸೀರೆಯ ನಿರಿಗೆ ಬಿಟ್ಟಳು.

"ನಿಮ್ಮಣ್ಣಾರಿಗಿ ಭಾಳ ಆಸೆ ಇತ್ತು, ಪದ್ದವ್ವಾ. ಊರಿಗಿ ಬಂದಾಗೆಲ್ಲಾ ಅದ ಮಾತು. ಮನಿ ಬಿಡಿಸಿಕೋಬೇಕು, ಮನಿ ಬಿಡಿಸಿಕೋಬೇಕು." ವೈನಿ ಬಸ್ಸಿನ ಕಡೆ ನೋಡುತ್ತ ಹೇಳಿದಳು. "ನನ್ನ ಒಂದು ಮಾತು ಕೇಳಿದ್ರ, ತಗೋರಿ ಅಂತಿದ್ದೆನೋ ಏನೋ. ಎಲ್ಲಾನೂ ತಗೋರಿ ಅಂತಿದ್ದೆನೋ ಏನೋ. ಯಾರೂ ಕೇಳಲಿಲ್ಲ."

ಕಂಡಕ್ಟರ್ ಬೀಳಗಿ ಬೀಳಗಿ ಎಂದು ಕೂಗಿದ. ವೈನಿ ಗಂಟು ಎತ್ತಿಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಜಾಗ ಸಿಗಲಿಲ್ಲ. ಜನರ ನಡುವೆ ಅವಳ ಸೆರಗಿನ ಒಂದು ತುದಿ ಮಾತ್ರ ಕಾಣುತ್ತಿತ್ತು. ಬಸ್ಸು ಧೂಳೆಬ್ಬಿಸುತ್ತ ತಿರುವು ದಾಟಿ ಹೋಯಿತು.

ಕೆರೆಯ ದಂಡೆಯ ಕಲ್ಲಿನ ಮೇಲೆ ಕುಳಿತು ರೊಕ್ಕ ಹಂಚಿದ್ದು ಪದ್ಮವ್ವನಿಗೆ ನೆನಪಾಯಿತು. ಎಷ್ಟು ಸರಿಯಾಗಿ ಹಂಚಿದ್ದಳು! ಅಲ್ಲಿಂದ ಓಡಿ ಹೋಗಿ ತೋರಿಸಿದ್ದು ಅಪ್ಪನಿಗೆ. ವೈನಿ ಹಿತ್ತಲಲ್ಲೇ ಇದ್ದಳು. ವೈನಿಯನ್ನು ಅವಳೂ ಕೇಳಿರಲಿಲ್ಲ.

ಓಣಿಯ ಬಾಯಿಯಲ್ಲಿ ನೆರೆಮನೆಯ ರುಕ್ಮವ್ವ ಎದುರಾದಳು. "ಏನ ತಂಗೆವ್ವಾ, ಮನಿ ಬಿಡಿಸಿಕೊಂಡ್ರಂತ! ಛಲೋ ಆತು ನೋಡವಾ. ಇನ್ನ ಯಾರ ಅಂಜಿಕಿನೂ ಇಲ್ಲ."

"ಹ್ಞೂಂ," ಎಂದಳು ಅವ್ವ.

ರುಕ್ಮವ್ವ ಬಗ್ಗಿ ಪದ್ಮವ್ವನ ಗದ್ದ ಹಿಡಿದಳು. "ಲೆಕ್ಕಾ ಎಲ್ಲಾ ಈ ಹುಡುಗಿನ ಮಾಡ್ಯಾಳಂತಲ್ಲ! ಖುಷಿ ಆಗೇತಿಲ್ಲೋ?"

ಪದ್ಮವ್ವ ಅವಳ ಮುಖವನ್ನು ನೋಡಿದಳು. ರುಕ್ಮವ್ವನಿಗೆ ಏನು ಹೇಳಬಹುದು, ಎಲ್ಲಿಂದ ಶುರು ಮಾಡಬಹುದು, ಅವಳಿಗೆ ಹೊಳೆಯಲಿಲ್ಲ.

"ಹ್ಞೂಂ," ಎಂದಳು.

ಅವ್ವ ತಟ್ಟನೆ ತಿರುಗಿ ಮಗಳನ್ನು ನೋಡಿದಳು. ತನ್ನ ವಾರಿಗೆಯವಳೊಬ್ಬಳನ್ನು ನೋಡುವ ಹಾಗೆ ನೋಡಿದಳು. ರುಕ್ಮವ್ವ ದಾಟಿ ಹೋಗುವವರೆಗೂ ಇಬ್ಬರೂ ಅಲ್ಲಿಯೇ ನಿಂತಿದ್ದರು.

"ನಡಿ," ಎಂದಳು ಅವ್ವ. "ನಿಮ್ಮಪ್ಪ ಮುಂಜಾನಿಂದ ಉಂಡಿಲ್ಲ."